ಚಟ್ನಿಪುಡಿಯ ಪ್ರೋಟೀನ್ ಅಳೆಸಲು ಜೆಲ್ಡಾಲ್ ಬೇಕೋ, ಡ್ಯೂಮಾಸ್ ಬೇಕೋ?

ರಾಯಚೂರಿನಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರುವ ನಮ್ಮ ಅತ್ತಿಗೆ ಪ್ಯಾಕೆಟ್ ಮೇಲೆ ಪ್ರೋಟೀನ್ ಎಷ್ಟೆಂದು ಹಾಕಬೇಕಿತ್ತು. ಲ್ಯಾಬಿನವರು "ಯಾವ ವಿಧಾನ?" ಅಂದರಂತೆ.

ಪ್ರೋಟೀನ್ ಅಳೆಯಲು ಬಳಸುವ ಎರಡು ವಿಧಾನಗಳು ಜೆಲ್ಡಾಲ್ ಮತ್ತು ಡ್ಯೂಮಾಸ್. ಜೆಲ್ಡಾಲ್ 1883ರದು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಪುಡಿಯನ್ನು ಗಂಧಕಾಮ್ಲದಲ್ಲಿ ಕುದಿಸುತ್ತಾರೆ. ಮೊದಲು ಕರ್ರಗೆ ನೊರೆ ಏಳುತ್ತದೆ, ಆಮೇಲೆ ತಿಳಿಯಾಗುತ್ತದೆ. ನಂತರ ಕ್ಷಾರ ಸೇರಿಸಿ, ಅಮೋನಿಯಾ ಬಟ್ಟಿ ಇಳಿಸಿ ಅಳೆಯುತ್ತಾರೆ. ಗಂಟೆಗಟ್ಟಲೆ ಹಿಡಿಯುತ್ತದೆ.

ಡ್ಯೂಮಾಸ್‌ನಲ್ಲಿ ಆಮ್ಲದ ಗೋಜಿಲ್ಲ. ಆಮ್ಲಜನಕದಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟು, ಹೊರಬರುವ ಸಾರಜನಕವನ್ನು ಅಳೆಯುತ್ತಾರೆ, ಕೆಲವೇ ನಿಮಿಷ. ಆದರೆ ಯಂತ್ರ ದುಬಾರಿ. ತೆಗೆದುಕೊಳ್ಳುವ ಪುಡಿ ಚಿಟಿಕೆಯಷ್ಟೇ. ಅದರಲ್ಲಿ ಮೆಣಸಿನಕಾಯಿ ಚೂರು ಜಾಸ್ತಿ ಬಂದರೆ ಲೆಕ್ಕ ತಪ್ಪುತ್ತದೆ. ಎಣ್ಣೆ ಬಿಡುವ ಶೇಂಗಾ ಸಮನಾಗಿ ರುಬ್ಬುವುದೂ ಸುಲಭವಲ್ಲ. ಪ್ರೋಟೀನಲ್ಲದ ನೈಟ್ರೇಟಿನ ಸಾರಜನಕವನ್ನೂ ಸೇರಿಸಿ ಎಣಿಸುವುದರಿಂದ ಅಂಕಿ ಸ್ವಲ್ಪ ಮೇಲೆ ಬರಬಹುದು.

ಅಸಲಿಗೆ ಎರಡೂ ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ! 2008ರಲ್ಲಿ ಬಯಲಾದ ಚೀನಾದ ಹಗರಣದಲ್ಲಿ ಹಾಲಿಗೆ ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿ, ಪ್ರೋಟೀನ್ ಜಾಸ್ತಿ ಇದೆಯೆಂದು ತೋರಿಸಿದವರು ಆಡಿದ ಆಟ ಇದೇ. ಪ್ರೋಟೀನ್ ಎಷ್ಟೆಂದು ತಿಳಿಯಲು ಬಂದ ಸಾರಜನಕವನ್ನು ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ, ಶೇಂಗಾಕ್ಕೆ 5.46. 100 ಗ್ರಾಂನಲ್ಲಿ 4 ಗ್ರಾಂ ಸಾರಜನಕವಿದ್ದರೆ 6.25ರಿಂದ ಗುಣಿಸಿದಾಗ ಪ್ರೋಟೀನ್ 25 ಗ್ರಾಂ, 5.46ರಿಂದ ಗುಣಿಸಿದಾಗ 21.8. ವಿಧಾನಕ್ಕಿಂತ ಈ ವ್ಯತ್ಯಾಸವೇ ದೊಡ್ಡದು, ಅಲ್ವಾ? ಪುಡಿಯಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿಯೂ ಇರುವುದರಿಂದ ಯಾವುದರಿಂದ ಗುಣಿಸಿದಿರಿ ಎಂದು ಮೊದಲೇ ಕೇಳಿ, ವರದಿಯಲ್ಲಿ ಬರೆಸಿಕೊಳ್ಳಿ.

ವರ್ಷಕ್ಕೆ ಒಂದೆರಡು ಸಲ ಮಾಡಿಸುವವರಿಗೆ ಜೆಲ್ಡಾಲ್ ಸಾಕು. ದಿನಕ್ಕೆ ಹತ್ತಾರು ಸ್ಯಾಂಪಲ್ ನೋಡುವ ಗಿರಣಿಗೆ ಡ್ಯೂಮಾಸೇ ಸರಿ. ಅತ್ತಿಗೆ ಜೆಲ್ಡಾಲ್ ಮಾಡಿಸಿದರು.