‘ಎಲ್ಲ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ದೇವೆ’ ಅನ್ನುವ ಕಂಪ್ಯೂಟರ್ ತರುವ ಮುಂಚೆ ಇದನ್ನು ಓದಿ

ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ, ಮುಳ್ಳೇರಿಯ, ಪೆರ್ಲ, ಉಪ್ಪಳ ಕಡೆ ಡಿಟಿಪಿ, ಝೆರಾಕ್ಸ್ ಅಂಗಡಿ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಡಿಕೆ ವ್ಯಾಪಾರ, ಮೆಡಿಕಲ್, ದಿನಸಿ ಅಂಗಡಿಗಳಲ್ಲಿ ಬಿಲ್ಲಿಗೆಂದು ಒಂದೇ ಒಂದು ಕಂಪ್ಯೂಟರ್ ಇಟ್ಟವರೂ ಓದಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮಾರುವವರು "ಎಲ್ಲ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ದೇವೆ" ಅಂದರೆ, ಒಳಗೆ ಏನು ಹಾಕಿದ್ದಾರೆ, ಯಾವುದನ್ನು ಬಂದ್ ಮಾಡಿದ್ದಾರೆ ಅಂತ ನೋಡದೆ ಕೆಲಸ ಶುರು ಮಾಡಬೇಡಿ. ನಮ್ಮ ಅಂಗಡಿಯ ವರ್ಷಗಟ್ಟಲೆಯ ಕೆಲಸ ಹೋದದ್ದು ಹೀಗೆಯೇ.

ನಾವು ತಂದ ಕಂಪ್ಯೂಟರಿನಲ್ಲಿ ವಿಂಡೋಸ್, ಆಫೀಸ್, ಡಿಸೈನ್ ಸಾಫ್ಟ್‌ವೇರ್, ಕನ್ನಡ, ಮಲಯಾಳಂ ಫಾಂಟ್ ಎಲ್ಲ ಇದ್ದವು. ಬಿಲ್ಲಿನಲ್ಲಿ ಇದ್ದದ್ದು ಕಂಪ್ಯೂಟರಿನ ರೇಟ್ ಮಾತ್ರ. ಕೊಡುವಾಗ ಮಾರಿದವರು ಹೇಳಿದ್ದು ಇಷ್ಟು: "ಅಕ್ಕ, ಇದಕ್ಕೆ ಇನ್ನು ಆಂಟಿವೈರಸ್ ಹಾಕ್ಲಿಕ್ಕೆ ಹೋಗ್ಬೇಡಿ. ಸುಮ್ನೆ ಸ್ಲೋ ಆಗ್ತದೆ."

ಅವರು ಹಾಗೆ ಹೇಳಿದ್ದಕ್ಕೆ ಕಾರಣ ಬೇರೆ ಇತ್ತು. ವಿಂಡೋಸ್ 10 ಮತ್ತು 11ರ ಒಳಗೇ ಡಿಫೆಂಡರ್ ಅನ್ನುವ ಆಂಟಿವೈರಸ್ ಇರುತ್ತದೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಕ್ರ್ಯಾಕ್ ಮಾಡಿದ, ಅಂದರೆ ಕಾಸು ಕೊಡದೆ ಓಡುವ ಹಾಗೆ ಲೈಸೆನ್ಸ್ ಮುರಿದ ಸಾಫ್ಟ್‌ವೇರ್ ಹಾಕಲು ಹೋದರೆ ಹೆಚ್ಚಾಗಿ ಅದು ತಡೆಯುತ್ತದೆ. ಅದಕ್ಕೇ ಮಾರುವವರು ಒಂದು ಉಪಾಯ ಮಾಡುತ್ತಾರೆ. ಡಿಫೆಂಡರಿನಲ್ಲಿ ‘ಎಕ್ಸ್‌ಕ್ಲೂಷನ್ಸ್’ ಅಂತ ಒಂದು ಜಾಗ ಉಂಟು. ಅಲ್ಲಿ ಬರೆದ ಫೋಲ್ಡರನ್ನು ಅದು ನೋಡುವುದೇ ಇಲ್ಲ. ನಮ್ಮದರಲ್ಲಿ ಇಡೀ ಸಿ ಡ್ರೈವನ್ನೇ ಅಲ್ಲಿ ಸೇರಿಸಿದ್ದರು. ಕಾವಲಿಗೆ ಜನ ಇಟ್ಟು, ಮನೆಗೆ ಬೆನ್ನು ಹಾಕಿ ನಿಲ್ಲು ಅಂದ ಹಾಗೆ. ಹೀಗೆ ಮಾಡಿದರೂ ಕೆಳಗಿನ ಮೂಲೆಯ ಗುರಾಣಿ ಚಿತ್ರದಲ್ಲಿ ಹಸಿರು ಗುರುತು ಹಾಗೆಯೇ ಇರುತ್ತದೆ. ನೋಡಿದವರಿಗೆ ಎಲ್ಲ ಸರಿ ಇದೆ ಅಂತಲೇ ಅನಿಸುತ್ತದೆ.

ಜಾತ್ರೆ, ನೇಮ, ಬ್ರಹ್ಮಕಲಶೋತ್ಸವದ ಸೀಸನ್ನಿನಲ್ಲಿ ನಮ್ಮಂಥ ಅಂಗಡಿಗಳಿಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ, ಅಲ್ವಾ? ಅಂಥ ಹೊತ್ತಿನಲ್ಲಿ ಡಿಸೈನ್ ಸಾಫ್ಟ್‌ವೇರ್ ಆಕ್ಟಿವೇಶನ್ ಕೇಳಿ ನಿಂತಿತು. ಟೈಪಿಂಗ್ ಮಾಡುವ ಹುಡುಗಿ ಮಾರಿದವರಿಗೇ ಫೋನ್ ಮಾಡಿದಳು. ಅವರು ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿ, ಇಳಿಸಿಕೊಂಡು ರನ್ ಮಾಡು ಅಂದರು. ಬಂದದ್ದು ಒಂದು ಜಿಪ್ ಫೈಲ್, ಅದಕ್ಕೊಂದು ಪಾಸ್‌ವರ್ಡ್. ಈ ಪಾಸ್‌ವರ್ಡ್ ಯಾಕೆ ಅಂತ ತಿಳಿದಿರಲಿ. ಪಾಸ್‌ವರ್ಡ್ ಹಾಕಿ ಮುಚ್ಚಿದ ಜಿಪ್ಪಿನ ಒಳಗೆ ಏನಿದೆ ಅಂತ ಆಂಟಿವೈರಸ್ಸಿಗೆ ನೋಡಲು ಆಗುವುದಿಲ್ಲ. ಕ್ರ್ಯಾಕ್ ಫೈಲ್ ಜಿಪ್ಪಿನಲ್ಲಿ ಬಂದು, ಜೊತೆಗೆ ಪಾಸ್‌ವರ್ಡನ್ನೂ ಅವರೇ ಕೊಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ.

ರನ್ ಮಾಡಿದ ಸ್ವಲ್ಪ ಹೊತ್ತಿಗೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅಂತ ಒಂದು ಕಿಟಕಿ ಬಂತು. ಅದು ನಕಲಿ. ಅಪ್‌ಡೇಟ್ ನಡೆಯುವಾಗ ಯಾರೂ ಕಂಪ್ಯೂಟರ್ ಆಫ್ ಮಾಡುವುದಿಲ್ಲ. ಅಷ್ಟು ಹೊತ್ತು ಸಿಕ್ಕಿದರೆ ಒಳಗೆ ಬಂದ ವೈರಸ್ಸಿನ ಕೆಲಸ ಮುಗಿಯುತ್ತದೆ. ಆಮೇಲೆ ನೋಡಿದರೆ ಆಮಂತ್ರಣ ಪತ್ರಿಕೆ, ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಲೆಕ್ಕದ ಎಕ್ಸೆಲ್ ಶೀಟ್, ಎಲ್ಲದರ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿಕೊಂಡಿತ್ತು. ಒಂದೂ ತೆರೆಯಲಿಲ್ಲ. ಪ್ರತಿ ಫೋಲ್ಡರಿನಲ್ಲಿ ‘ರೀಡ್‌ಮಿ’ ಅನ್ನುವ ಒಂದು ಪತ್ರ. 980 ಡಾಲರ್ ಕೊಟ್ಟರೆ ಬಿಡಿಸಿಕೊಡುತ್ತೇವೆ, 72 ಗಂಟೆಯೊಳಗೆ ಬಂದರೆ 490 ಡಾಲರ್ ಸಾಕು ಅಂತ ಅದರಲ್ಲಿತ್ತು.

ಹೀಗೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಈ ವೈರಸ್ಸಿಗೆ ‘ಸ್ಟಾಪ್’ ಅಥವಾ ‘ಡಿಜೆವಿಯು’ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ. ಇದು ದೊಡ್ಡ ಕಂಪನಿಗಳನ್ನು ಹುಡುಕಿ ಹೋಗುವಂಥದ್ದಲ್ಲ. ಕ್ರ್ಯಾಕ್, ಕೀಜೆನ್, ಆಕ್ಟಿವೇಟರ್ ಅಂತ ಪುಕ್ಕಟೆ ಸಾಫ್ಟ್‌ವೇರಿನ ದಾರಿ ಹುಡುಕುವ ನಮ್ಮಂಥ ಚಿಕ್ಕವರ ಮೇಲೆಯೇ ಇದರ ಕಣ್ಣು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ಇಂಥದ್ದೇ ವೈರಸ್ ಬಂದಾಗ ವಯನಾಡಿನ ತರಿಯೋಡ್ ಪಂಚಾಯತಿನ ಕಂಪ್ಯೂಟರುಗಳೂ ಹೀಗೆ ಬೀಗ ಬಿದ್ದು ನಿಂತಿದ್ದವು. ಅದು ಅಪ್‌ಡೇಟ್ ಆಗದ ವಿಂಡೋಸಿನ ತೂತಿನಿಂದ ತಾನಾಗಿಯೇ ನುಗ್ಗುತ್ತಿತ್ತು. ಡಿಜೆವಿಯು ಹಾಗಲ್ಲ, ಯಾರಾದರೂ ಒಬ್ಬರು ರನ್ ಮಾಡಬೇಕು.

ಬ್ಯಾಕಪ್ ಇರಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಇತ್ತು. ಮಾರಿದವರೇ ಒಂದು ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ, ದಿನಾ ತಾನಾಗಿ ಕಾಪಿ ಆಗುವ ಹಾಗೆ ಮಾಡಿಕೊಟ್ಟಿದ್ದರು. ಸದಾ ಸಿಕ್ಕಿಸಿಯೇ ಇರುವ ಡಿಸ್ಕ್ ವೈರಸ್ಸಿಗೆ ಇನ್ನೊಂದು ಡ್ರೈವ್ ಅಷ್ಟೇ. ಅದಕ್ಕೂ ಬೀಗ ಬಿತ್ತು. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಕಾಪಿಗಳನ್ನೂ ಅದು ಮೊದಲೇ ಅಳಿಸಿತ್ತು. ಉಳಿದದ್ದು ಗೂಗಲ್ ಡ್ರೈವಿನಲ್ಲಿ ಇದ್ದ ಸ್ವಲ್ಪ. ಅಲ್ಲಿಯೂ ಹಾಳಾದ ಫೈಲುಗಳೇ ಹೋಗಿ ಕೂತಿದ್ದವು. ಆದರೆ ಗೂಗಲ್ ಡ್ರೈವ್ ಹಳೆಯ ವರ್ಷನ್‌ಗಳನ್ನೂ ಡಿಲೀಟ್ ಆದದ್ದನ್ನೂ 30 ದಿನ ಇಟ್ಟುಕೊಳ್ಳುತ್ತದೆ. ಒಂದೊಂದಾಗಿ ಹಿಂದಕ್ಕೆ ತಂದೆವು. ಹೀಗಾದವರು ಆ 30 ದಿನ ದಾಟಲು ಬಿಡಬೇಡಿ.

ಫೈಲ್ ಹೋದದ್ದಕ್ಕಿಂತ ಜಾಸ್ತಿ ಭಯ ಆದದ್ದು ಆಮೇಲೆ. ಈ ರ‍್ಯಾನ್ಸಮ್‌ವೇರ್ ಬರುವಾಗ ಹೆಚ್ಚಾಗಿ ಒಬ್ಬ ಕಳ್ಳನನ್ನೂ ಕರೆತರುತ್ತದೆ. ವಿಡಾರ್, ಅಝೋರಲ್ಟ್ ಅಂತ ಅವುಗಳ ಹೆಸರು. ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಎಲ್ಲ ಎತ್ತಿಕೊಂಡು ಹೋಗುವುದೇ ಅವುಗಳ ಕೆಲಸ. ಲಾಗಿನ್ ಆಗಿಯೇ ಇರುವ ಅಕೌಂಟಿನ ಕುಕೀ, ಅಂದರೆ ಲಾಗಿನ್ ಆಗಿದೆ ಅಂತ ಬ್ರೌಸರ್ ಇಟ್ಟುಕೊಳ್ಳುವ ಗುರುತು ಕೂಡ ಹೋಗುತ್ತದೆ. ಅದು ಸಿಕ್ಕಿದರೆ ಅವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ನಮ್ಮ ಅಂಗಡಿಯ ಜಿಮೇಲಿಗೆ ರಾತ್ರಿ ಯಾರೋ ಹೊಕ್ಕಿದ್ದರು. ಹಾಗಾಗಿ ಪಾಸ್‌ವರ್ಡ್ ಬದಲಿಸುವುದಾದರೆ ವೈರಸ್ ಇರುವ ಕಂಪ್ಯೂಟರಿನಲ್ಲಿ ಕೂತು ಬದಲಿಸಬೇಡಿ, ಹೊಸದೂ ಅವರ ಕೈಗೇ ಹೋಗುತ್ತದೆ. ಬೇರೆ ಫೋನಿನಿಂದ ಬದಲಿಸಿ, ಎಲ್ಲ ಡಿವೈಸ್‌ಗಳಿಂದಲೂ ಸೈನ್ ಔಟ್ ಮಾಡಿ. ಮೊದಲು ಜಿಮೇಲ್, ಆಮೇಲೆ ಬ್ಯಾಂಕ್, ಜಿಎಸ್‌ಟಿ.

ಇನ್ನೊಂದು ಮಾತು ನಮ್ಮ ಅಂಗಡಿಗಳಿಗೆ ಮಾತ್ರ ಸೇರಿದ್ದು. ಅರ್ಜಿ ಹಾಕಲು ಬರುವವರ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಸ್ಕ್ಯಾನ್ ನಮ್ಮ ಕಂಪ್ಯೂಟರುಗಳಲ್ಲಿ ರಾಶಿ ಬಿದ್ದಿರುತ್ತದೆ. ನಮ್ಮನ್ನು ನಂಬಿ ಕೊಟ್ಟ ಕಾಗದ ಅದು. ನೆನಪಿದ್ದವರಿಗೆಲ್ಲ ಫೋನ್ ಮಾಡಿ ಹೇಳಿದೆವು. ಆಧಾರಿನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಲು ಆಗುತ್ತದೆ, ಅದನ್ನು ಹಲವರಿಗೆ ಮಾಡಿಕೊಟ್ಟೆವು. ಕೆಲಸ ಮುಗಿದ ದಿನವೇ ಆ ಸ್ಕ್ಯಾನ್‌ಗಳನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.

ಫೈಲ್ ಬಿಡಿಸಿಕೊಡುತ್ತೇವೆ ಅನ್ನುವವರ ಬಗ್ಗೆಯೂ ಹೇಳಲೇಬೇಕು. ಒಬ್ಬರು ನಮ್ಮ ಒಂದು ಫೈಲ್ ಬಿಡಿಸಿ ತೋರಿಸಿ, ಉಳಿದದ್ದಕ್ಕೆ ದೊಡ್ಡ ಮೊತ್ತ ಕೇಳಿದರು. ಕಳ್ಳರ ಪತ್ರವನ್ನು ಪೂರ್ತಿ ಓದಿದರೆ ಗುಟ್ಟು ಅಲ್ಲೇ ಇದೆ. ನಂಬಿಕೆ ಬರಲಿ ಅಂತ ಒಂದು ಫೈಲನ್ನು ಕಳ್ಳರೇ ಪುಕ್ಕಟೆ ಬಿಡಿಸಿಕೊಡುತ್ತಾರೆ. ಅದನ್ನೇ ತಮ್ಮ ಕೆಲಸ ಅಂತ ಯಾರು ಬೇಕಾದರೂ ತೋರಿಸಬಹುದು. ಹಾಗೆ ಬಂದವರಿಗೆ ನಾವು ಒಂದು ಪೈಸೆಯೂ ಕೊಡಲಿಲ್ಲ. 2019ರ ಆಗಸ್ಟ್ ನಂತರ ಬಂದ ಡಿಜೆವಿಯುವನ್ನು ಕೀ, ಅಂದರೆ ಬೀಗ ಹಾಕಿದ ಗುಪ್ತ ಸಂಕೇತ, ಇಲ್ಲದೆ ಬಿಡಿಸಲು ಆಗುವುದಿಲ್ಲ. ವೈರಸ್ ಓಡುವ ಹೊತ್ತಿಗೆ ಅದಕ್ಕೆ ತನ್ನ ಸರ್ವರ್ ಸಿಗದೇ ಇದ್ದರೆ ಮಾತ್ರ ಎಲ್ಲರಿಗೂ ಒಂದೇ ಆದ ಕೀ ಬಳಸುತ್ತದೆ. ಪತ್ರದ ಕೊನೆಯ ಐಡಿ ‘ಟಿ1’ ಅಂತ ಮುಗಿದಿದ್ದರೆ ನಿಮ್ಮದು ಆ ಜಾತಿ. ಅಂಥದ್ದಕ್ಕೆ ಎಮ್ಸಿಸಾಫ್ಟ್ ಅನ್ನುವ ಆಂಟಿವೈರಸ್ ಕಂಪನಿಯ ಉಚಿತ ಟೂಲ್ ಕೆಲಸ ಮಾಡುವ ಸಾಧ್ಯತೆ ಇದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು 2016ರಲ್ಲಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲೂ ಇಂಥ ಟೂಲುಗಳು ಸಿಗುತ್ತವೆ. ನಮ್ಮ ಐಡಿ ಹಾಗೆ ಮುಗಿದಿರಲಿಲ್ಲ. ಆದರೂ ಬೀಗ ಬಿದ್ದ ಫೈಲುಗಳನ್ನು ಬೇರೆ ಡಿಸ್ಕಿಗೆ ಹಾಕಿ ಇಟ್ಟಿದ್ದೇವೆ. ಯಾವತ್ತಾದರೂ ಆ ಕೀ ಹೊರಗೆ ಬಂದರೆ ಬೇಕಾಗುತ್ತದೆ.

ನಿಮಗೆ ಹೀಗಾದರೆ ಮೊದಲು ನೆಟ್ ಕಡಿಯಿರಿ, ಪೆನ್‌ಡ್ರೈವ್, ಡಿಸ್ಕ್ ಏನಿದ್ದರೂ ತೆಗೆಯಿರಿ. ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ. ಆ ಪತ್ರದ ಫೋಟೋ ತೆಗೆದು ಇಟ್ಟುಕೊಳ್ಳಿ. ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಕಾಸರಗೋಡಿನ ಸೈಬರ್ ಠಾಣೆಯಲ್ಲೂ ದೂರು ಕೊಡಿ.

ಕಾಸು ಕೊಟ್ಟು ಸಾಫ್ಟ್‌ವೇರ್ ತರಲು ಆಗುವುದಿಲ್ಲ ಅನ್ನುವವರ ಕಷ್ಟ ನನಗೆ ಗೊತ್ತು. ಆದರೆ ನಮ್ಮಲ್ಲಿ ಅದಕ್ಕೆ ದಾರಿ ಉಂಟು. ಕೇರಳದ ಶಾಲೆಗಳಲ್ಲಿ, ನಮ್ಮ ಕನ್ನಡ ಮೀಡಿಯಂ ಶಾಲೆಗಳಲ್ಲೂ, ಮಕ್ಕಳು ವಿಂಡೋಸಿನ ಬದಲು ಲಿನಕ್ಸ್ ಅನ್ನುವ ಉಚಿತ ವ್ಯವಸ್ಥೆಯ ಮೇಲೆಯೇ ಕಲಿಯುತ್ತಾರೆ. ಡಿಸೈನಿಗೆ ಇಂಕ್‌ಸ್ಕೇಪ್, ಫೋಟೋಗೆ ಜಿಂಪ್, ಆಫೀಸ್ ಕೆಲಸಕ್ಕೆ ಲಿಬ್ರೆ ಆಫೀಸ್ ಅವರ ಪಾಠದಲ್ಲೇ ಇದೆ. ಎಲ್ಲವೂ ಉಚಿತ, ಕ್ರ್ಯಾಕ್ ಬೇಡ. ನಾವು ಈಗ ಆಮಂತ್ರಣ ಪತ್ರಿಕೆಗಳನ್ನು ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಫಾಂಟ್ ಹಾಕಿ ಮಾಡುತ್ತಿದ್ದೇವೆ. ಹೈಸ್ಕೂಲಿಗೆ ಹೋಗುವ ನನ್ನ ಅಕ್ಕನ ಮಗಳೇ ಕೂತು ಕಲಿಸಿದಳು. ಹಳೆಯ ಫೈಲ್ ತೆರೆಯುವಾಗ ಅಕ್ಷರ ಅಲ್ಲಲ್ಲಿ ಕೆಡುತ್ತದೆ, ಅದೊಂದು ತೊಂದರೆ ಇದ್ದೇ ಇದೆ. ಬ್ಯಾಕಪ್ಪಿಗೆ ಈಗ ಎರಡು ಡಿಸ್ಕ್. ಒಂದು ಮನೆಯಲ್ಲಿ, ಒಂದು ಅಂಗಡಿಯಲ್ಲಿ. ಕಾಪಿ ಆದ ಕೂಡಲೇ ಕಳಚಿ ಇಡುತ್ತೇವೆ.

ಇವತ್ತೇ ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಪ್ರೊಟೆಕ್ಷನ್ನಿನ ಸೆಟ್ಟಿಂಗ್ಸಿಗೆ ಹೋಗಿ, ಕೆಳಗೆ ಎಕ್ಸ್‌ಕ್ಲೂಷನ್ಸ್ ಇರುತ್ತದೆ, ಒತ್ತಿ ನೋಡಿ. ನೀವು ಸೇರಿಸದ ಹೆಸರು ಏನಾದರೂ ಅಲ್ಲಿ ಕಂಡರೆ ನೆಟ್ ತೆಗೆದು, ಬೇಕಾದ ಫೈಲುಗಳನ್ನು ಡಿಸ್ಕಿಗೆ ಹಾಕಿ, ವಿಂಡೋಸನ್ನು ಹೊಸದಾಗಿಯೇ ಹಾಕಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಕಿಸುವಾಗ ಅದನ್ನೂ ಕೇಳಿಕೊಳ್ಳಿ. ಎಕ್ಸ್‌ಕ್ಲೂಷನ್ಸ್ ಎಲ್ಲಿದೆ ಅಂತ ಗೊತ್ತಾಗದೇ ಇದ್ದರೆ ಪರದೆಯ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.