ಸಿಂಹಗಡ, ರಾಜಗಡ, ತೋರಣಾ: ರೇಡಿಯೊ ಹೊತ್ತು ಹತ್ತಲು ಯಾವುದು ಸರಿ?

ಪುಣೆಯ ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರು, ಸುತ್ತಲಿನ ಕೋಟೆ-ಗುಡ್ಡಗಳ ಮಾತು ತೆಗೆದರೆ ಮೊದಲು ಬರುವುದು ಎತ್ತರದ ಲೆಕ್ಕ. ಸಿಂಹಗಡ ಸುಮಾರು 1,312 ಮೀಟರ್, ರಾಜಗಡ 1,376, ತೋರಣಾ 1,403. ಮೂರಕ್ಕೂ ರೇಡಿಯೊ ಹೊತ್ತು ಹೋಗಿ ಬಂದ ಮೇಲೆ ನನಗೆ ಅನ್ನಿಸಿದ್ದು, ಈ ಲೆಕ್ಕ ಅರ್ಧ ಮಾತ್ರ ಸರಿ. 145 ಮೆಗಾಹರ್ಟ್ಸ್ ಸುತ್ತಲಿನ ಎರಡು ಮೀಟರ್ ಬ್ಯಾಂಡಿಗೆ (ಬ್ಯಾಂಡಿನ ಹೆಸರು ಅಲೆಯ ಉದ್ದದ್ದು) ಎತ್ತರವೇ ಬಂಡವಾಳ, ನಿಜ. 7 ಮೆಗಾಹರ್ಟ್ಸ್‌ನ ನಲವತ್ತು ಮೀಟರಿಗೆ ಅದರ ಗರಜು ಅಷ್ಟಿಲ್ಲ. ಅದಕ್ಕೆ ಬೇಕಾದದ್ದು ಗದ್ದಲವಿಲ್ಲದ ಜಾಗ, ಆಂಟೆನಾದ ಇಪ್ಪತ್ತು ಮೀಟರ್ ತಂತಿ ಎಳೆಯಲು ಅನುಕೂಲ. ಹಾಗಾಗಿ ಮೊದಲು ಬ್ಯಾಂಡ್ ಗೊತ್ತು ಮಾಡಿಕೊಳ್ಳಿ, ಗಡ ಆಮೇಲೆ.

ಕೊಥ್ರುಡ್‌ನ ನನ್ನ ಫ್ಲ್ಯಾಟಿನಲ್ಲಿ ನಲವತ್ತು ಮೀಟರ್ ಹಚ್ಚಿದರೆ ಎಲ್‌ಇಡಿ ಬಲ್ಬು, ಇನ್ವರ್ಟರ್, ಮೊಬೈಲ್ ಚಾರ್ಜರು ಎಲ್ಲದರ ಗೊರಗೊರವೂ ಒಟ್ಟಿಗೆ ಕೇಳುತ್ತದೆ. ಸದ್ದಿನ ಬಲ ತೋರಿಸುವ ಮೀಟರಿನ ಮುಳ್ಳು ಎಸ್-7ರಿಂದ ಕೆಳಗಿಳಿಯುವುದಿಲ್ಲ. ಧಾರವಾಡದ ಗೆಳೆಯರು ಐದು ವ್ಯಾಟಿನಲ್ಲಿ ಕರೆದರೆ ಆ ಸದ್ದಿನಡಿ ಹೂತುಹೋಗುತ್ತಾರೆ. ಗುಡ್ಡದ ಮೇಲೆ ಅದೇ ರೇಡಿಯೊ, ಅದೇ ತಂತಿ ಹಚ್ಚಿದರೆ ಅವರ ಮಾತು ಎದುರಿಗೆ ಕೂತು ಆಡಿದಷ್ಟು ಸ್ಪಷ್ಟ. ಸಿಗ್ನಲ್ ಹೆಚ್ಚಾಗಿರುವುದಿಲ್ಲ, ಗದ್ದಲ ಇಳಿದಿರುತ್ತದೆ. ಈ ಬ್ಯಾಂಡಿನ ಅಲೆ ಮೇಲಕ್ಕೆ ಹೋಗಿ, ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರವಾದ ಅಯಾನುಗೋಳಕ್ಕೆ ತಾಗಿ, ಧಾರವಾಡ, ಹುಬ್ಬಳ್ಳಿ, ಬೆಂಗಳೂರಿನ ದೂರದಲ್ಲಿ ಇಳಿಯುತ್ತದೆ. ನಾವು ಕೂತ ಕಲ್ಲು ಇನ್ನೂರು ಮೀಟರ್ ಮೇಲಿದ್ದರೂ ಕೆಳಗಿದ್ದರೂ ಅದಕ್ಕೆ ದೊಡ್ಡ ವ್ಯತ್ಯಾಸವಿಲ್ಲ.

ಮೂರನ್ನೂ ತೂಗಲು ನಾನು ಇಟ್ಟುಕೊಂಡ ಅಳತೆಗೋಲು 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಸಮಿಟ್ಸ್ ಆನ್ ದಿ ಏರ್’, ಅಂದರೆ ಸೋಟಾ ಕಾರ್ಯಕ್ರಮದ ನಿಯಮಗಳು. ಶಿಖರದಿಂದ ಲಂಬವಾಗಿ 25 ಮೀಟರ್ ಒಳಗಿನ ವಲಯದಲ್ಲೇ ಕೂರಬೇಕು. ಕೊನೆಯ ಏರು ಮೋಟಾರು ವಾಹನವಿಲ್ಲದೆಯೇ ಆಗಬೇಕು. ವಿದ್ಯುತ್ತಿಗೆ ಹೊತ್ತು ತಂದ ಬ್ಯಾಟರಿಯಂಥದ್ದೇ ಗತಿ, ವಾಹನದ್ದಾಗಲಿ ಜನರೇಟರಿನದ್ದಾಗಲಿ ಬಳಸುವಂತಿಲ್ಲ. ಅಂಕ ಬೇಕಾದರೆ ನಾಲ್ಕು ಬೇರೆ ಬೇರೆ ಸ್ಟೇಷನ್ನುಗಳ ಸಂಪರ್ಕ ಆಗಬೇಕು, ನೆಲದ ಮೇಲಿನ ರಿಪೀಟರ್ (ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಮೂಲಕ ಮಾತಾಡಿದ್ದು ಲೆಕ್ಕಕ್ಕಿಲ್ಲ. ಅಂಕ ಬೇಡದವರಿಗೂ ಈ ನಿಯಮಗಳು ಒಳ್ಳೆಯ ಶಿಸ್ತು ಕಲಿಸುತ್ತವೆ.

ಸಿಂಹಗಡ ಎಲ್ಲಕ್ಕಿಂತ ಸುಲಭ. ಸ್ವಾರ್‌ಗೇಟ್ ಕಡೆಯಿಂದ ಬಸ್ಸು ಬುಡದವರೆಗೂ ಬರುತ್ತದೆ, ಅತ್ಕರವಾಡಿಯಿಂದ ಮೆಟ್ಟಿಲಿನಂಥ ದಾರಿ, ಮೇಲೆ ಬಿಸಿ ಪಿಠಲಾ-ಭಾಕರಿ, ಮಡಕೆಯ ಮೊಸರು. ಊಟದ ಗಂಟು ಹೊರಬೇಕಿಲ್ಲವಾದ್ದರಿಂದ ಆ ತೂಕದಲ್ಲಿ ಇನ್ನೊಂದು ಬ್ಯಾಟರಿ ಒಯ್ಯಬಹುದು. ಆದರೆ ರೇಡಿಯೊ ದೃಷ್ಟಿಯಿಂದ ನೋಡಿದರೆ ಮೂರರಲ್ಲಿ ಇದೇ ಹಿಂದೆ. ಮೇಲೆ ಟಿವಿ ಮತ್ತು ದೂರಸಂಪರ್ಕದ ಗೋಪುರಗಳಿವೆ, ಅವುಗಳ ಬಲವಾದ ಸಿಗ್ನಲ್ ಎದುರು ಅಗ್ಗದ ಹ್ಯಾಂಡಿಯ, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೊದ, ರಿಸೀವರ್ ಕಿವುಡಾಗುತ್ತದೆ. ಎದುರಿನವರು ನಮ್ಮನ್ನು ಫೈವ್-ನೈನ್, ಅಂದರೆ ಜೋರಾಗಿ ಸ್ಪಷ್ಟವಾಗಿ, ಕೇಳುತ್ತಾರೆ, ನಮಗೆ ಅವರು ತುಂಡುತುಂಡಾಗಿ ಕೇಳುತ್ತಾರೆ. ಗೋಪುರದಿಂದ ದೂರ ಹೋಗೋಣ ಎಂದು ಇಳಿಯುತ್ತ ಹೋದರೆ 25 ಮೀಟರಿನ ಗಡಿ ದಾಟುವ ಭಯ. ಭಾನುವಾರದ ಜನಸಂದಣಿಯಲ್ಲಂತೂ ತಂತಿ ಎಳೆಯುವ ವಿಚಾರವನ್ನೇ ಬಿಡಿ, ಮಕ್ಕಳ ಕಾಲಿಗೆ ಸಿಕ್ಕೀತು. ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ಎನ್‌ಡಿಎ ಹತ್ತಿರವೇ ಇರುವುದರಿಂದ ಯಾರಾದರೂ ಬಂದು ಏನಿದು ಎಂದು ಕೇಳುವುದು ಸಹಜ. ಪರವಾನಗಿಯ ಪ್ರತಿ ಮೇಲಿನ ಜೇಬಿನಲ್ಲೇ ಇರಲಿ, ಎರಡು ವಾಕ್ಯ ಮರಾಠಿಯಲ್ಲಿ ವಿವರಿಸಲು ಬರಲಿ. ಹೊಸ ಪರವಾನಗಿ ಸಿಕ್ಕವರು ವಾರದ ನಡುವೆ, ಬೆಳಕು ಹರಿಯುವ ಹೊತ್ತಿಗೆ ಹೋಗಿ ಕೈ ಪಳಗಿಸಿಕೊಳ್ಳಲು ಸಿಂಹಗಡ ಸಾಕು.

ರಾಜಗಡಕ್ಕೆ ನನ್ನ ಮತ. ನಲವತ್ತು ಮೀಟರಿಗೆ ಪುಣೆಯ ಸುತ್ತ ಇಷ್ಟು ಶಾಂತವಾದ ಜಾಗ ನಾನು ಕಂಡಿಲ್ಲ, ಮುಳ್ಳು ಎಸ್-1ರ ಹತ್ತಿರವೇ ಮಲಗಿರುತ್ತದೆ. ತೊಡಕು ಇರುವುದು ಶಿಖರದಲ್ಲಿ. ಗುಂಜವಣೆಯಿಂದ ಚೋರ್ ದರವಾಜೆ ದಾಟಿ ಪದ್ಮಾವತಿ ಮಾಚಿ (ಕೋಟೆಯ ಹರವಾದ ಮಟ್ಟಸ ಜಾಗ) ಮುಟ್ಟಿದಾಗ ಎಲ್ಲರಿಗೂ ಬಂದೇಬಿಟ್ಟೆವು ಅನ್ನಿಸುತ್ತದೆ. ದೇವಸ್ಥಾನವಿದೆ, ಕೆರೆಯಿದೆ, ತಂತಿಗೆ ಬೇಕಾದಷ್ಟು ಜಾಗವೂ ಇದೆ. ಆದರೆ ಅಲ್ಲಿಂದ ತುದಿಯ ಒಳಕೋಟೆ ಬಾಲೆಕಿಲ್ಲಾ 25 ಮೀಟರಿಗಿಂತ ಬಹಳ ಮೇಲಿದೆ, ಸೋಟಾ ಲೆಕ್ಕದಲ್ಲಿ ಮಾಚಿ ಶಿಖರವಲ್ಲ. ಬಾಲೆಕಿಲ್ಲಾಗೆ ಹೋಗುವ ಕಡಿದಾದ ಬಂಡೆಯಲ್ಲಿ ಕಂಬಿ ಹಿಡಿದೇ ಏರಬೇಕು, ಅಲ್ಲಿ ಎರಡೂ ಕೈ ಖಾಲಿ ಇರಬೇಕು. ಮಡಚಿದಾಗಲೂ ಚೀಲದಿಂದ ಮೇಲೆ ಚಾಚುವ ಆಂಟೆನಾ ಕಂಬ ಬಂಡೆಗೆ ತಾಗಿ ನಮ್ಮನ್ನೇ ಹಿಂದಕ್ಕೆ ತಳ್ಳುತ್ತದೆ. ಅರವತ್ತು-ಎಪ್ಪತ್ತು ಸೆಂಟಿಮೀಟರಿಗೆ ಮಡಚುವ ಫೈಬರ್ ಕಂಬವನ್ನೇ ಕೊಳ್ಳಿ. ಇನ್ನೊಂದು ಎಚ್ಚರ: ಬಾಲೆಕಿಲ್ಲಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಹೊಗೆ, ಕೂಗಾಟ, ಘಾಟು ಸೆಂಟು ಯಾವುದೂ ಬೇಡ. ತಂತಿ ಏರಿಸಲು ಹಗ್ಗಕ್ಕೆ ಕಲ್ಲು ಕಟ್ಟಿ ಬಂಡೆಯತ್ತ ಎಸೆಯುವ ಅಭ್ಯಾಸವಿದ್ದರೆ ಇಲ್ಲಿ ಅದನ್ನು ಪೂರ್ತಿ ಬಿಡಿ.

2025ರಲ್ಲಿ ರಾಜಗಡ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರದಿದ್ದರೂ ನಮ್ಮ ನಡತೆ ಅದೇ ಇರಬೇಕಿತ್ತು. ಕೋಟೆಯ ಗೋಡೆಗೆ ಮೊಳೆ ಬೇಡ, ಗೂಟ ಬೇಡ, ಸಡಿಲ ಕಲ್ಲನ್ನೂ ಕೀಳಬೇಡಿ. ಕಂಬದ ಬುಡವನ್ನು ಚೀಲಕ್ಕೆ ಬಿಗಿದು, ತಂತಿಯ ತುದಿಗಳನ್ನು ನೀರಿನ ಬಾಟಲಿಗೆ ಕಟ್ಟಿದರೆ ಕೆಲಸ ಆಗುತ್ತದೆ.

ತೋರಣಾದ ಬಲ ಎರಡು ಮೀಟರ್ ಬ್ಯಾಂಡಿನಲ್ಲಿ. ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ, ಅಂದರೆ ಅಲೆ ನೇರವಾಗಿ ತಲುಪುವ ದೂರ, ಕಿಲೋಮೀಟರಿನಲ್ಲಿ ಸಿಗುತ್ತದೆ. ತೋರಣಾದಿಂದ ಸಮುದ್ರಮಟ್ಟದ ಕೊಂಕಣದ ಕಡೆಗೆ ಅದು ಸುಮಾರು 154 ಕಿಲೋಮೀಟರ್. ಪುಣೆಯ ನೆಲವೇ ಸುಮಾರು 560 ಮೀಟರ್ ಮೇಲಿರುವುದರಿಂದ ನಗರದ ಕಡೆಗೆ ಲೆಕ್ಕ ಹಾಕಿದರೆ 120ರ ಆಸುಪಾಸು. ಅಂದರೆ ಇಲ್ಲಿ ಲಾಭವಿರುವುದು ಪಶ್ಚಿಮಕ್ಕೆ ಮುಖ ಮಾಡಿ ಕೂತವರಿಗೆ. ಐದು ವ್ಯಾಟಿನ ಹ್ಯಾಂಡಿ, ಸುರುಳಿ ಸುತ್ತಿ ಒಯ್ಯುವ ಸ್ಲಿಮ್-ಜಿಮ್ ಆಂಟೆನಾ, ಇಷ್ಟರಲ್ಲೇ ನವಿ ಮುಂಬೈ, ಠಾಣೆಯ ಎತ್ತರದ ಮಹಡಿಗಳಲ್ಲಿರುವ ಹ್ಯಾಮ್‌ಗಳ ಜೊತೆ ರಿಪೀಟರ್ ಇಲ್ಲದೆ ನೇರವಾಗಿ ಮಾತಾಡಿದ್ದೇನೆ. ಸಿಂಹಗಡದಿಂದ ಆ ಕಡೆ ಕೂಗಿದರೆ ನಡುವಿನ ಸಹ್ಯಾದ್ರಿಯ ಸಾಲುಗಳು ನುಂಗಿಬಿಡುತ್ತವೆ.

ಆದರೆ ತೋರಣಾ ದಣಿಸುತ್ತದೆ. ವೇಲ್ಹೆಯಿಂದ ಮೇಲೆ ನೆರಳಿಲ್ಲದ ಉದ್ದನೆಯ ಏಣು, ತುದಿಯಲ್ಲಿ ಗಾಳಿ. ಆರು ಮೀಟರಿನ ಕಂಬವನ್ನು ಪೂರ್ತಿ ಏರಿಸಿದರೆ ಬಿಲ್ಲಿನಂತೆ ಬಾಗುತ್ತದೆ. ನಾನು ನಾಲ್ಕು ಮೀಟರಿಗೆ ನಿಲ್ಲಿಸಿ, ಡೈಪೋಲ್ (ನಡುವಿಗೆ ಕೇಬಲ್ ಜೋಡಿಸುವ ಎರಡು ತೋಳಿನ ಆಂಟೆನಾ) ಬಿಟ್ಟು ಒಂದೇ ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ ತಂತಿಯನ್ನು ಇಳಿಜಾರಾಗಿ ಕಟ್ಟುತ್ತೇನೆ. ಕೋಯಾಕ್ಸ್ ಕೇಬಲ್ಲನ್ನು ಮೇಲೆ ಎತ್ತಬೇಕಿಲ್ಲ, ಕಂಬಕ್ಕೆ ಭಾರವಿಲ್ಲ. ರಾಜಗಡದಲ್ಲಿ ಇದಕ್ಕೆ ತಿರುಗಾಮುರುಗಾ: ಗಾಳಿ ಸುಮ್ಮನಿದ್ದ ದಿನ ನಡುವಿನಿಂದ ಫೀಡ್ ಮಾಡುವ ಡೈಪೋಲ್ ತಲೆಕೆಳಗಾದ ‘ವಿ’ ಆಕಾರದಲ್ಲಿ ಚೆನ್ನಾಗಿ ನಿಲ್ಲುತ್ತದೆ, ಎಸ್‌ಡಬ್ಲ್ಯುಆರ್ (ಆಂಟೆನಾಕ್ಕೂ ರೇಡಿಯೊಗೂ ಇರುವ ಹೊಂದಾಣಿಕೆಯ ಅಳತೆ) ಹೊಂದಿಸುವ ಗೋಜಿಲ್ಲ, ಬೆಂಗಳೂರಿಗೆ ಸಿಗ್ನಲ್ ಇನ್ನಷ್ಟು ಜೋರಾಗಿಯೇ ಕೇಳುತ್ತದೆ.

ಬ್ಯಾಟರಿಯ ವಿಷಯದಲ್ಲಿ ಚರ್ಚೆಯೇ ಬೇಡ. ಏಳು ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ, ಅರ್ಧ ಬಳಸಿದರೆ ಸಾಕು ದಣಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಅದರ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಬೆಳಿಗ್ಗೆಯಿಂದ ಇಳಿಯುವವರೆಗೆ ಬಾಳುತ್ತದೆ.

ಹೊತ್ತಿನ ಲೆಕ್ಕವೂ ಗಡದ ಆಯ್ಕೆಯನ್ನು ಬದಲಿಸುತ್ತದೆ. ಬಿಸಿಲೇರಿದಂತೆ ಅಯಾನುಗೋಳದ ಕೆಳಪದರ ನಲವತ್ತು ಮೀಟರಿನ ಅಲೆಯನ್ನು ಹೀರತೊಡಗುತ್ತದೆ, ಹಾಗಾಗಿ ರಾಜಗಡದಲ್ಲಿ ಒಂಬತ್ತಕ್ಕೆ ಮೊದಲೇ ಮೇಲಿರಬೇಕು. ಅಂದರೆ ಪುಣೆಯಿಂದ ನಸುಕಿನ ನಾಲ್ಕಕ್ಕೂ ಮುಂಚೆ ಹೊರಡಬೇಕು. ಎರಡು ಮೀಟರಿಗೆ ಈ ಅವಸರವಿಲ್ಲ, ತೋರಣಾಕ್ಕೆ ಹನ್ನೊಂದಕ್ಕೆ ತಲುಪಿದರೂ ನಡೆಯುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟಿದರೆ ತಂತಿ ಬಿಚ್ಚಿ ಇಳಿಯುವುದೇ ಸರಿ, ಜೂನ್‌ನಿಂದ ಸೆಪ್ಟೆಂಬರ್ ಈ ಗಡಗಳ ಮೇಲೆ ಆಂಟೆನಾ ಏರಿಸಲೇಬೇಡಿ.

ಪುರಂದರದ ಬಗ್ಗೆ ಕೆಲವರು ಕೇಳುತ್ತಾರೆ. ಅಲ್ಲಿ ಸೇನೆಯ ಕಾವಲಿದೆ, ರೇಡಿಯೊ ಹಚ್ಚುವ ಜಾಗವಲ್ಲ. ಕಳಸೂಬಾಯಿ 1,646 ಮೀಟರ್, ಮಹಾರಾಷ್ಟ್ರದಲ್ಲೇ ಎತ್ತರ, ಎರಡು ಮೀಟರಿಗೆ ತೋರಣಾವನ್ನೂ ಮೀರಿಸುತ್ತದೆ. ಆದರೆ ತುದಿ ಚಿಕ್ಕದು, ದೇವಿಯ ಗುಡಿ, ದರ್ಶನಕ್ಕೆ ಬಂದವರ ಸಾಲು. ಅಲ್ಲಿಗೆ ಹೋಗುವುದಾದರೆ ತಂತಿ ಮನೆಯಲ್ಲೇ ಇರಲಿ, ಹ್ಯಾಂಡಿ ಒಂದನ್ನೇ ಒಯ್ಯಿರಿ.