ವಿದ್ಯಾರ್ಥಿ ಬಜೆಟ್‌ಗೆ ಡಿಜೈರಾ, ಎಟಿಯೋಸಾ?

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಸೆಡಾನ್ ಬೇಕೆಂದರೆ ಮೊದಲು ಈ ಎರಡನ್ನು ನೋಡಿ. 2012ರಿಂದ 2017ರವರೆಗಿನ ಮಾರುತಿ ಡಿಜೈರ್‌ಗೆ 1.2 ಲೀಟರ್ ಎಂಜಿನ್. ಒಳ್ಳೆ ಮೈಲೇಜ್, ಬಿಡಿಭಾಗ ಸಣ್ಣ ಊರಲ್ಲೂ ಸಿಗುತ್ತವೆ. ಡಿಕ್ಕಿ ಮಾತ್ರ ಚಿಕ್ಕದು, 316 ಲೀಟರ್. ಬೇಡಿಕೆ ಇರುವುದರಿಂದ ಬೆಲೆ ಸುಲಭವಾಗಿ ಇಳಿಯುವುದಿಲ್ಲ.

ಟೊಯೊಟಾ ಎಟಿಯೋಸ್‌ದು 1.5 ಲೀಟರ್. ಒಳಗೆಲ್ಲ ಸಾದಾ, ಡ್ಯಾಶ್‌ಬೋರ್ಡ್ ನಡುವಿನ ಮೀಟರ್ ಎಲ್ಲರಿಗೂ ಹಿಡಿಸದು. ಆದರೆ ಎಂಜಿನ್ ಗಟ್ಟಿ. ಹಿಂದೆ ಮೂವರು ಆರಾಮಾಗಿ ಕೂರಬಹುದು, ಹಾಸ್ಟೆಲ್ ಸಾಮಾನೆಲ್ಲ ಡಿಕ್ಕಿಯಲ್ಲೇ ಹಿಡಿಯುತ್ತದೆ. ಟ್ಯಾಕ್ಸಿಯಾಗಿ ಓಡಿದ ಗಾಡಿಗಳು ಇದರಲ್ಲಿ ಜಾಸ್ತಿ, ಅದೊಂದು ನಿಜವಾದ ಭಯ. ಆರ್‌ಸಿ, ಸರ್ವಿಸ್ ದಾಖಲೆ ನೋಡದೆ ಅಡ್ವಾನ್ಸ್ ಕೊಡಲೇಬೇಡಿ.

ಆಗಾಗ ಹೈವೇಯಲ್ಲಿ ಊರಿಗೆ ಹೋಗುವವರಿಗೆ ನಾನು ಎಟಿಯೋಸ್ ಹೇಳುತ್ತೇನೆ. ದಿನಾ ಬೆಂಗಳೂರು ಟ್ರಾಫಿಕ್‌ನಲ್ಲೇ ಓಡಾಟವಾದರೆ ಡಿಜೈರ್ ಸಾಕು.